ಗೋಡಂಬಿಗೆ ಚೀಟಿಯಿತ್ತು, ಮೀನಿಗೆ ಇರಲಿಲ್ಲ: ಎಂಎಸ್‌ಸಿ ಎಲ್ಸಾ 3 ಪ್ರಕರಣ

2025ರ ಮೇ 24ರಂದು ಕೊಚ್ಚಿಯಿಂದ ನೈಋತ್ಯಕ್ಕೆ 38 ನಾಟಿಕಲ್ ಮೈಲು ದೂರದಲ್ಲಿ ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಒಂದು ಮಗ್ಗುಲಿಗೆ 26 ಡಿಗ್ರಿ ವಾಲಿಕೊಂಡಿತು. ಹಿಂದಿನ ದಿನ ತಿರುವನಂತಪುರದ ಹತ್ತಿರದ ವಿಳಿಂಞಂ ಬಂದರಿನಿಂದ ಕೊಚ್ಚಿಗೆಂದು ಹೊರಟಿದ್ದ ಹಡಗು ಅದು. 1997ರಲ್ಲಿ ಕಟ್ಟಿದ್ದು, 184 ಮೀಟರ್ ಉದ್ದ, ಲೈಬೀರಿಯಾದ ಬಾವುಟ, ಜಿನೀವಾದ ಮೆಡಿಟರೇನಿಯನ್ ಶಿಪ್ಪಿಂಗ್ ಕಂಪನಿಯ ಬಳಗಕ್ಕೆ ಸೇರಿದ್ದು. ಒಳಗಿದ್ದ 24 ಮಂದಿಯಲ್ಲಿ 21 ಜನರನ್ನು ಅಂದೇ ಕಾಪಾಡಿ ಕರೆತಂದರು. ಕ್ಯಾಪ್ಟನ್ ಮತ್ತು ಇಬ್ಬರು ಎಂಜಿನಿಯರುಗಳು ಹಡಗನ್ನು ಹೇಗಾದರೂ ಉಳಿಸಿಕೊಳ್ಳಬಹುದೆಂದು ರಾತ್ರಿ ಅದರಲ್ಲೇ ಉಳಿದರು. ಬೆಳಗಾಗುವಷ್ಟರಲ್ಲಿ ಆ ಆಸೆಯೂ ಹೋಯಿತು. ನೌಕಾಪಡೆಯ ಐಎನ್‌ಎಸ್ ಸುಜಾತಾ ಅವರನ್ನೂ ಹತ್ತಿಸಿಕೊಂಡಿತು. 25ರ ಬೆಳಿಗ್ಗೆ ಹಡಗು ಮುಳುಗಿತು. ಒಂದು ಜೀವವೂ ಹೋಗಲಿಲ್ಲ.

ಜೀವ ಹೋಗಲಿಲ್ಲ ಎಂದ ಕೂಡಲೇ ಸುದ್ದಿ ಅರ್ಧ ತಣ್ಣಗಾಗುತ್ತದೆ. ಆದರೆ ಹಡಗಿನಲ್ಲಿ 640ಕ್ಕೂ ಹೆಚ್ಚು ಕಂಟೇನರುಗಳಿದ್ದವು. ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ನೀರು ತಾಗಿದರೆ ಅಸಿಟಿಲೀನ್ ಅನಿಲ ಬಿಡುವ ವಸ್ತು ಅದು, ಬೆಂಕಿಗೆ ಹತ್ತಿರದ ನೆಂಟ. ಟ್ಯಾಂಕುಗಳಲ್ಲಿ 84.44 ಟನ್ ಡೀಸೆಲ್, 367.1 ಟನ್ ಫರ್ನೆಸ್ ಆಯಿಲ್. ಇವಲ್ಲದೆ ಗೋಡಂಬಿ, ಹತ್ತಿ, ಮತ್ತು ಚೀಲಗಟ್ಟಲೆ ಪ್ಲಾಸ್ಟಿಕ್ ಕಾಳು.

ನಾನು ಮಂಗಳೂರಿನಲ್ಲಿ ವಕೀಲಿ ಮಾಡುತ್ತೇನೆ. ಇಷ್ಟು ವರ್ಷದಲ್ಲಿ ನನ್ನ ಕೋಣೆಯಲ್ಲಿ ಎರಡು ಕಪಾಟು ತುಂಬಿವೆ. ಒಂದರಲ್ಲಿ ಹಡಗಿನ ಕೇಸುಗಳು: ಸಂಬಳ ಸಿಗದ ನಾವಿಕರು, ನೀರು ನುಗ್ಗಿ ಕೆಟ್ಟ ಸರಕು, ಬಾಕಿ ಉಳಿಸಿ ಲಂಗರು ಎತ್ತಿದ ಹಡಗು. ಇನ್ನೊಂದರಲ್ಲಿ ಕಡಲಕರೆಯವರ ಅರ್ಜಿಗಳು: ಕಡಲ್ಕೊರೆತ, ಹೊಳೆಬಾಯಿಗೆ ಬಿಡುವ ತ್ಯಾಜ್ಯದ ನೀರು, ಮರಳು. ಮೊದಲ ಕಪಾಟು ಮನೆ ನಡೆಸಿತು, ಎರಡನೆಯದಕ್ಕಾಗಿ ನಾನು ಈ ಊರಿನಲ್ಲಿ ಉಳಿದೆ. ಎಲ್ಸಾ 3ರಲ್ಲಿ ನನ್ನ ವಕಾಲತ್ತು ಇಲ್ಲ. ಆದರೂ ಬಿಡದೆ ಹಿಂಬಾಲಿಸಿದ್ದೇನೆ. ಎರಡೂ ಕಪಾಟಿನ ಫೈಲುಗಳು ಒಂದೇ ಮೇಜಿಗೆ ಬಂದ ಕೇಸು ಇದು. ಕಡಲ ಹಾನಿಗೆ ಕಾನೂನಿನಲ್ಲಿರುವ ಎರಡು ಬಾಗಿಲುಗಳೂ ಇಲ್ಲಿ ಒಟ್ಟಿಗೆ ತೆರೆದವು. ಯಾರು ಯಾವ ಬಾಗಿಲಿನಿಂದ ಒಳಗೆ ಹೋದರು, ಯಾರು ಹೊರಗೆ ನಿಂತರು ಎಂಬುದನ್ನು ಬರೆಯಬೇಕೆನಿಸಿತು.

ದಡಕ್ಕೆ ಬಂದದ್ದು

ಮುಳುಗಿದ ಎರಡು ದಿನದಲ್ಲೇ ಕಂಟೇನರುಗಳು ಕೊಲ್ಲಂ, ಆಲಪ್ಪುಳದ ದಡಕ್ಕೆ ಬಂದು ಬಡಿದವು. ತಿರುವನಂತಪುರದ ಕಡಲಕರೆಯಲ್ಲಿ ಮರಳಿನ ಮೇಲೆ ಬಿಳಿ ಕಾಳು ಹರಡಿತು. ಮೇ 29ರಂದು ಕೇರಳ ಸರ್ಕಾರ ಇದನ್ನು ರಾಜ್ಯದ ವಿಶೇಷ ವಿಪತ್ತು ಎಂದು ಘೋಷಿಸಿತು.

ಜೂನ್‌ನಲ್ಲಿ ಬೇರೊಂದು ಕೆಲಸಕ್ಕೆ ಕೊಚ್ಚಿಗೆ ಹೋದವನು ಅಲ್ಲಿಂದ ದಕ್ಷಿಣಕ್ಕೆ ಕಡಲ ದಾರಿ ಹಿಡಿದೆ. ಒಂದು ಕಡೆ ಹುಡುಗರು ಮರಳನ್ನು ಜರಡಿ ಹಿಡಿಯುತ್ತಿದ್ದರು. ಮನೆಯಲ್ಲಿ ಹಿಟ್ಟು ಜಾಲಿಸುವಂಥದೇ ಜರಡಿ. ಕೆಳಗೆ ಮರಳು ಬೀಳುತ್ತಿತ್ತು, ಮೇಲೆ ಕಾಳು ಉಳಿಯುತ್ತಿತ್ತು. ಒಬ್ಬ ಹುಡುಗ ನನ್ನ ಅಂಗೈಗೆ ಒಂದು ಚಿಟಿಕೆ ಹಾಕಿದ. ಸಾಬಕ್ಕಿಯಷ್ಟು ದೊಡ್ಡದು, ಮೇಣದ ನುಣುಪು, ಭಾರವೇ ಇಲ್ಲ. ಉಪ್ಪುನೀರಿನಲ್ಲಿ ತೇಲುತ್ತದೆ, ಕರಗುವುದಿಲ್ಲ, ಮೀನಿನ ಮೊಟ್ಟೆಯ ಹಾಗೆ ಕಾಣುತ್ತದೆ. ಅದನ್ನು ಕಡಲ ಹಕ್ಕಿ ತಿನ್ನುತ್ತದೆ, ಮೀನೂ ತಿನ್ನುತ್ತದೆ. ಕೊಡ, ಚೀಲ, ಪೈಪು ಮಾಡುವ ಕಾರ್ಖಾನೆಗೆ ಹೋಗುವ ಕಚ್ಚಾ ಮಾಲು ಇದು. ಜರಡಿಯಲ್ಲಿ ಉಳಿದದ್ದನ್ನು ಸಿಮೆಂಟ್ ಚೀಲಕ್ಕೆ ತುಂಬುತ್ತಿದ್ದರು. ಚೀಲದ ಬಾಯಿ ಕಟ್ಟುವ ಮೊದಲೇ ಇನ್ನೊಂದು ತೆರೆ ಬಂದು ಜರಡಿ ಹಿಡಿದ ಜಾಗದಲ್ಲೇ ಮತ್ತೆ ಕಾಳು ಚೆಲ್ಲಿತು.

ಹಡಗು ಮುಳುಗಿದ ಹೊತ್ತನ್ನೂ ಜಾಗವನ್ನೂ ಗಮನಿಸಬೇಕು. ಆಲಪ್ಪುಳದ ತೋಟ್ಟಪ್ಪಳ್ಳಿಯಿಂದ ಅದು ಬಿದ್ದಿರುವ ಜಾಗಕ್ಕೆ ಹದಿನಾಲ್ಕೂವರೆ ನಾಟಿಕಲ್ ಮೈಲಿನ ಆಸುಪಾಸು. ಅಂಬಲಪ್ಪುಳ, ಪುರಕ್ಕಾಡು ಕಡೆಯ ಆ ಕಡಲಕರೆ ಮಳೆಗಾಲದ ಚಾಕರಕ್ಕೆ ಹೆಸರಾದದ್ದು. ಮುಂಗಾರಿನಲ್ಲಿ ಉಳಿದ ಕಡಲು ಅಬ್ಬರಿಸುತ್ತಿರುವಾಗ ಅಲ್ಲಿ ಕೆಸರಿನ ದಿಬ್ಬ ಎದ್ದು ನೀರು ಶಾಂತವಾಗುತ್ತದೆ, ಮೀನು ಒತ್ತಾಗಿ ಸೇರುತ್ತದೆ. ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ 52 ದಿನ ನಿಷೇಧ. ಆ ದಿನಗಳಲ್ಲಿ ಕಡಲು ಸಾಂಪ್ರದಾಯಿಕ ದೋಣಿಯವರದು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟು ದಕ್ಕೆಯಲ್ಲಿ ಕಟ್ಟಿ ನಿಂತಾಗ ನಾಡದೋಣಿಯವರು ಕಡಲು ನೋಡಿಕೊಂಡು ಇಳಿಯುತ್ತಾರಲ್ಲ, ಹಾಗೆಯೇ. ವರ್ಷದಲ್ಲಿ ಬಡ ಮೀನುಗಾರನಿಗೆ ನಾಲ್ಕು ಕಾಸು ಉಳಿಯುವ ಕಾಲ ಅದು. ಆ ಕಾಲ ಬಾಗಿಲಿಗೆ ಬಂದಾಗಲೇ ಹಡಗು ಮುಳುಗಿತು. ಅದರ ಸುತ್ತ 20 ನಾಟಿಕಲ್ ಮೈಲು ಮೀನು ಹಿಡಿಯಬಾರದೆಂದು ಸರ್ಕಾರ ಹೇಳಿತು. ಮೀನಿನಲ್ಲಿ ವಿಷವಿದೆಯಂತೆ ಎಂಬ ಮಾತು ಅದಕ್ಕಿಂತ ದೂರ ಹೋಯಿತು. ಬಲೆಗೆ ಮೀನು ಬಿದ್ದರೂ ಬುಟ್ಟಿ ಖಾಲಿಯಾಗದ ಸ್ಥಿತಿ. ನೀರಿನಡಿಯ ಕಂಟೇನರಿಗೆ ಸಿಕ್ಕಿ ಬಲೆ ಹರಿದವರ ಪಾಡು ಬೇರೆ.

ಮೀನುಗಾರ ಕುಟುಂಬಗಳಿಗೆ ಸರ್ಕಾರ ತಕ್ಷಣಕ್ಕೆ ಕೊಟ್ಟದ್ದು 1,000 ರೂಪಾಯಿ ಮತ್ತು 6 ಕಿಲೋ ಅಕ್ಕಿ. ಆಸರೆಯಾಗಿ ಕೊಟ್ಟದ್ದು, ಹೀಗಳೆಯಲಾರೆ. ಆದರೆ ಅದು ಪರಿಹಾರವಲ್ಲ. ನಷ್ಟ ಎಷ್ಟು ಎಂದು ಕೇಳಿ, ಲೆಕ್ಕ ಹಾಕಿ, ನಷ್ಟ ಮಾಡಿದವನಿಂದ ವಸೂಲು ಮಾಡಿ ಕೊಟ್ಟರೆ ಪರಿಹಾರ.

ಮೊದಲ ಬಾಗಿಲು

ಮಾಜಿ ಸಂಸದ ಟಿ.ಎನ್. ಪ್ರತಾಪನ್ ಕೇರಳ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ಮುಖ್ಯ ನ್ಯಾಯಮೂರ್ತಿ ನಿತಿನ್ ಜಾಮ್ದಾರ್ ಮತ್ತು ನ್ಯಾಯಮೂರ್ತಿ ಬಸಂತ್ ಬಾಲಾಜಿ ಅವರ ವಿಭಾಗೀಯ ಪೀಠ ವಿಚಾರಣೆಗೆ ಎತ್ತಿಕೊಂಡಿತು. ಹಡಗಿನಲ್ಲಿ ಏನಿತ್ತು ಎಂಬುದು ಜನರಿಗೆ ಗೊತ್ತಾಗಬೇಕು, ಆಗಿರುವ ಖರ್ಚನ್ನು ಕಂಪನಿಯಿಂದ ವಸೂಲು ಮಾಡುವ ದಾರಿ ಹಿಡಿಯಬೇಕು ಎಂಬ ಒತ್ತಡ ಮೊದಲು ಹುಟ್ಟಿದ್ದು ಈ ಪೀಠದಿಂದ. ಜೂನ್ 11ರಂದು ಫೋರ್ಟ್ ಕೊಚ್ಚಿಯ ಕರಾವಳಿ ಪೊಲೀಸ್ ಠಾಣೆಯಲ್ಲಿ ನಿರ್ಲಕ್ಷ್ಯದ ಹಡಗು ಚಾಲನೆಗಾಗಿ ಎಫ್ಐಆರ್ ಕೂಡ ದಾಖಲಾಯಿತು. ಹಡಗು ಮುಳುಗಿ ಎರಡು ವಾರದ ಮೇಲೆ.

ಹಿತಾಸಕ್ತಿ ಅರ್ಜಿಯ ಶಕ್ತಿ ಇಲ್ಲಿದೆ. ಅದಕ್ಕೆ ಕಣ್ಣಿದೆ. ಯಾವ ಅಧಿಕಾರಿಯನ್ನಾದರೂ ಕರೆಸಿ ಏನು ಮಾಡಿದಿರಿ, ಏಕೆ ಮಾಡಲಿಲ್ಲ ಎಂದು ಕೇಳಬಲ್ಲದು. ಮುಚ್ಚಿಟ್ಟ ಪಟ್ಟಿಯನ್ನು ತೆರೆಸಬಲ್ಲದು. ಹಣವಿಲ್ಲದವನೂ ಈ ಬಾಗಿಲು ತಟ್ಟಬಹುದು. ಆದರೆ ಪರದೇಶದ ಕಂಪನಿಯ ಜೇಬಿಗೆ ಕೈ ಹಾಕುವ ಶಕ್ತಿ ಇಂಥ ರಿಟ್ ಅರ್ಜಿಗೆ ಕಡಿಮೆ. ಆದೇಶ ಬರೆಯಬಹುದು, ಹಣ ತರುವುದು ಬೇರೆ ಮಾತು.

ಇದಕ್ಕೆ ಸಾಕ್ಷಿ ಪಕ್ಕದಲ್ಲೇ ಇದೆ. 2021ರ ಮೇ 20ರಂದು ಕೊಲಂಬೊದ ಹತ್ತಿರ ಎಕ್ಸ್-ಪ್ರೆಸ್ ಪರ್ಲ್ ಎಂಬ ಹಡಗಿಗೆ ಬೆಂಕಿ ಹತ್ತಿತು. ಜೂನ್ 2ರಂದು ಮುಳುಗಿತು. ಅದರಿಂದಲೂ ಇದೇ ಪ್ಲಾಸ್ಟಿಕ್ ಕಾಳು, ಸುಮಾರು 1,680 ಟನ್, ಶ್ರೀಲಂಕಾದ ಪಶ್ಚಿಮ ಕರಾವಳಿಗೆ ಬಂದು ಬಿತ್ತು. ಪರಿಸರದವರು, ಮೀನುಗಾರರು, ಕೊಲಂಬೊದ ಕಾರ್ಡಿನಲ್ ಎಲ್ಲರೂ ಮೂಲಭೂತ ಹಕ್ಕಿನ ಅರ್ಜಿ ಹಿಡಿದು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋದರು. ನಾಲ್ಕು ವರ್ಷ ನಡೆಯಿತು. 2025ರ ಜುಲೈ 24ರಂದು 100 ಕೋಟಿ ಡಾಲರ್ ಪರಿಹಾರ ಕೊಡಬೇಕೆಂಬ ತೀರ್ಪು ಬಂತು. ಓದಿದಾಗ ಕಣ್ಣು ತುಂಬುವ ತೀರ್ಪು. ಆದರೆ ಹಡಗಿನ ಕಡೆಯವರು ಕೊಡಲಾರೆವು ಎಂದರು. ಅಷ್ಟರಲ್ಲಾಗಲೇ, 2023ರಲ್ಲಿ, ಹಡಗಿನ ವ್ಯಾಜ್ಯ ನೋಡುವ ಲಂಡನ್ನಿನ ಅಡ್ಮಿರಾಲ್ಟಿ ಕೋರ್ಟಿನಿಂದ ತಮ್ಮ ಹೊಣೆಯನ್ನು ಸುಮಾರು 1.9 ಕೋಟಿ ಪೌಂಡಿಗೆ ಸೀಮಿತಗೊಳಿಸಿಕೊಂಡಿದ್ದರು. ಹಡಗಿನ ಗಾತ್ರಕ್ಕೆ ತಕ್ಕಂತೆ ಮಾಲೀಕನ ಹೊಣೆಗೊಂದು ಮಿತಿ ಹಾಕುವುದು ಹಡಗು ಕಾನೂನಿನ ಹಳೆಯ ಪದ್ಧತಿ. ಶ್ರೀಲಂಕಾದ ಕೈಯಲ್ಲಿ ತೀರ್ಪಿತ್ತು, ಹಿಡಿದಿಟ್ಟ ಹಡಗಿರಲಿಲ್ಲ.

ಎರಡನೆಯ ಬಾಗಿಲು

ಅಡ್ಮಿರಾಲ್ಟಿ ಕಾನೂನಿನಲ್ಲಿ ಹಡಗೇ ಪ್ರತಿವಾದಿ. ಮಾಲೀಕನನ್ನು ಹುಡುಕಿಕೊಂಡು ಲೈಬೀರಿಯಾಕ್ಕೋ ಪನಾಮಾಕ್ಕೋ ಹೋಗಬೇಕಿಲ್ಲ. ಹಡಗು ನಮ್ಮ ನೀರಿನಲ್ಲಿದ್ದರೆ ಹೈಕೋರ್ಟ್ ಅದನ್ನು ಬಂಧಿಸಬಹುದು. ಬಂಧನದ ವಾರಂಟನ್ನು ಹಡಗಿಗೇ ಅಂಟಿಸುತ್ತಾರೆ. ಬಂದರಿನವರಿಗೂ ಕಸ್ಟಮ್ಸ್‌ನವರಿಗೂ ಆದೇಶ ಹೋಗುತ್ತದೆ, ಹೊರಡಲು ಬೇಕಾದ ಕಾಗದ ಸಿಗುವುದಿಲ್ಲ. ದಿನಕ್ಕೆ ಲಕ್ಷಗಟ್ಟಲೆ ದುಡಿಯುವ ಹಡಗು ಸುಮ್ಮನೆ ನಿಂತರೆ ಮಾಲೀಕ ತಾನಾಗಿಯೇ ವಕೀಲನನ್ನು ಹಿಡಿದು ಕೋರ್ಟಿಗೆ ಬರುತ್ತಾನೆ, ಬ್ಯಾಂಕ್ ಗ್ಯಾರಂಟಿ ಇಟ್ಟು ಹಡಗು ಬಿಡಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ದಾವೆ ಎಷ್ಟು ವರ್ಷ ನಡೆದರೂ ಹಣ ನಮ್ಮ ನೆಲದಲ್ಲಿರುತ್ತದೆ.

ನಾನು ಜೂನಿಯರ್ ಆಗಿದ್ದಾಗ ಈ ಕೆಲಸದಲ್ಲಿ ಕಾಲವೇ ಶತ್ರು ಎಂದು ಕಲಿತೆ. ಹಡಗು ಮಂಗಳೂರಿನ ಬಂದರಾದ ಪಣಂಬೂರಿನಲ್ಲಿ ಸರಕು ಇಳಿಸುತ್ತಿರುತ್ತದೆ, ದಾವೆ ಹಾಕಬೇಕಾದದ್ದು ಬೆಂಗಳೂರಿನಲ್ಲಿ. ಕಾಗದದ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತುವಾಗ, ಬೆಳಿಗ್ಗೆ ಕೋರ್ಟ್ ಕೂರುವುದರೊಳಗೆ ಹಡಗು ಹೊರಟರೆ ಗತಿಯೇನು ಎಂಬುದೊಂದೇ ಯೋಚನೆ.

ಈ ಅಧಿಕಾರವೂ ನಮ್ಮ ಹೈಕೋರ್ಟುಗಳಿಗೆ ಸುಲಭವಾಗಿ ಬಂದದ್ದಲ್ಲ. ಬ್ರಿಟಿಷರ 1890ರ ಕಾಯ್ದೆಯ ಪ್ರಕಾರ ಕಲ್ಕತ್ತ, ಮದ್ರಾಸ್, ಬೊಂಬಾಯಿ ಈ ಮೂರು ಕೋರ್ಟುಗಳಿಗಷ್ಟೇ ಅಡ್ಮಿರಾಲ್ಟಿ ಅಧಿಕಾರವಿತ್ತು, ಅದೂ ಆ ಕಾಲದ ಇಂಗ್ಲೆಂಡಿನ ಕೋರ್ಟಿಗೆ ಎಷ್ಟಿತ್ತೋ ಅಷ್ಟೇ. ಸ್ವಾತಂತ್ರ್ಯ ಬಂದು ನಲವತ್ತು ವರ್ಷ ದಾಟಿದರೂ ಇದೇ ಕಾಯ್ದೆ. 1984ರ ಫೆಬ್ರವರಿಯಲ್ಲಿ ಎಂ.ವಿ. ಎಲಿಸಬೆತ್ ಎಂಬ ಹಡಗು ಗೋವಾದ ಮರ್ಮಗೋವಾದಿಂದ ಒಂದು ಕಂಪನಿಯ ಸರಕು ಹೇರಿಕೊಂಡು, ಸರಕು ಹೇರಿಕೊಂಡದ್ದಕ್ಕೆ ಹಡಗಿನವರು ಕೊಡುವ ಚೀಟಿಯಾದ ಬಿಲ್ ಆಫ್ ಲೇಡಿಂಗ್ ಕೂಡ ಕೊಡದೆ ಹೊರಟುಹೋಯಿತು. ಕೊಂಡವನು ಹಣ ಕೊಟ್ಟಿಲ್ಲ, ಸರಕು ಬಿಡಬೇಡಿ ಎಂದು ಕಳಿಸಿದವರು ಹೇಳಿದರೂ ಕೇಳದೆ ಬಿಟ್ಟುಕೊಟ್ಟರು. ಅದೇ ಹಡಗು ಏಪ್ರಿಲ್‌ನಲ್ಲಿ ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರ ಹೈಕೋರ್ಟ್ ಬಂಧಿಸಿತು. ಹಳೆಯ ಇಂಗ್ಲಿಷ್ ಕಾಯ್ದೆ ಒಳಬರುವ ಸರಕಿನ ಬಗ್ಗೆ ಮಾತ್ರ ಹೇಳುತ್ತದೆ, ಹೊರಹೋಗುವ ಸರಕಿಗೆ ಬಂಧನ ಇಲ್ಲ, ಆಂಧ್ರದ ಕೋರ್ಟಿಗಂತೂ ಅಧಿಕಾರವೇ ಇಲ್ಲ ಎಂಬುದು ಹಡಗಿನವರ ವಾದ. 1992ರ ಫೆಬ್ರವರಿ 26ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಟಿ.ಕೆ. ತೊಮ್ಮನ್ ಆ ವಾದವನ್ನು ಒಪ್ಪಲಿಲ್ಲ. ಸ್ವತಂತ್ರ ದೇಶದ ಹೈಕೋರ್ಟುಗಳು ವಸಾಹತು ಕಾಯ್ದೆಯ ಅಳತೆಯೊಳಗೆ ಕೂರಬೇಕಿಲ್ಲ, ಅವುಗಳಿಗೆ ತಮ್ಮದೇ ಆದ ಅಂತರ್ಗತ ಅಧಿಕಾರವಿದೆ ಎಂದರು. ಕರಾವಳಿಯಲ್ಲಿ ಹಡಗಿನ ಕೇಸು ನಡೆಸುವ ನನ್ನಂಥವರ ಅನ್ನಕ್ಕೆ ಆ ತೀರ್ಪು ಬುನಾದಿ. ಆಮೇಲೆ ಸಂಸತ್ತಿನಲ್ಲಿ 2017ರ ಅಡ್ಮಿರಾಲ್ಟಿ ಕಾಯ್ದೆ ಆಯಿತು, 2018ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಕರ್ನಾಟಕ, ಕೇರಳ, ಗುಜರಾತ್, ಒಡಿಶಾ ಹೈಕೋರ್ಟುಗಳ ಹೆಸರು ಈಗ ಕಾಯ್ದೆಯಲ್ಲೇ ಇದೆ. ಪರಿಸರಕ್ಕೆ, ಕಡಲಕರೆಗೆ ಹಡಗಿನಿಂದಾದ ಹಾನಿಯನ್ನೂ ಅದು ಹಕ್ಕಿನ ದಾವೆ ಎಂದು ಒಪ್ಪುತ್ತದೆ.

ಎಲ್ಸಾ 3 ಸಮುದ್ರದ ಅಡಿ ಸೇರಿಯಾಗಿದೆ, ಬಂಧಿಸುವುದು ಯಾವುದನ್ನು? ತಪ್ಪು ಮಾಡಿದ ಹಡಗು ಸಿಗದಿದ್ದರೆ ಅದೇ ಒಡೆತನದ ಇನ್ನೊಂದು ಹಡಗನ್ನು ಹಿಡಿಯಲು ಕಾಯ್ದೆಯಲ್ಲಿ ಅವಕಾಶವಿದೆ. ನಮ್ಮ ಮಾತಿನಲ್ಲಿ ಅದು ಸೋದರಿ ಹಡಗು. ಎಂಎಸ್‌ಸಿಯ ಹಡಗುಗಳು ವಿಳಿಂಞಂಗೆ ದಿನವೂ ಬರುತ್ತವೆ.

ಈಗ ನನ್ನನ್ನು ಬಹಳ ದಿನ ಕಾಡಿದ ಸಂಗತಿಗೆ ಬರುತ್ತೇನೆ. ಈ ಬಾಗಿಲಿಗೆ ಮೊದಲು ಬಂದವರು ಗೋಡಂಬಿ ಆಮದುದಾರರು. ಕೊಲ್ಲಂ ಗೋಡಂಬಿಯ ಊರು. ನಮ್ಮ ಪುತ್ತೂರು, ಕಾರ್ಕಳದ ಕಾರ್ಖಾನೆಗಳ ಹಾಗೆ ಅಲ್ಲಿಗೂ ಆಫ್ರಿಕಾದಿಂದ ಹಸಿ ಗೋಡಂಬಿ ಹಡಗಿನಲ್ಲಿ ಬರುತ್ತದೆ. ಎಲ್ಸಾದಲ್ಲಿ ಮುಳುಗಿದ ತಮ್ಮ ಮಾಲಿಗೆ ಸುಮಾರು 6 ಕೋಟಿ ರೂಪಾಯಿ ಭದ್ರತೆ ಕೇಳಿದರು. ಜೂನ್ 12ರಂದೇ, ಅಂದರೆ ಮುಳುಗಿ ಮೂರು ವಾರ ತುಂಬುವ ಮೊದಲೇ, ಎಂಎಸ್‌ಸಿ ಮಾನಸ ಎಫ್ ಎಂಬ ಹಡಗನ್ನು ತಡೆದು ನಿಲ್ಲಿಸಲು ಹೈಕೋರ್ಟ್ ಆದೇಶ ಕೊಟ್ಟಿತು. ಅವರು ಮಾಡಿದ್ದು ಸರಿ. ಅವರ ಕೈಯಲ್ಲಿ ಬಿಲ್ ಆಫ್ ಲೇಡಿಂಗ್ ಇತ್ತು, ಇನ್‌ವಾಯ್ಸ್ ಇತ್ತು, ಎಷ್ಟು ಚೀಲ, ಎಷ್ಟು ತೂಕ, ಎಷ್ಟು ಬೆಲೆ ಎಲ್ಲ ಬರೆದ ಕಾಗದ. ನ್ಯಾಯಾಧೀಶರು ಹಾಳೆ ತಿರುಗಿಸಿದರೆ ಮೊತ್ತ ಕಣ್ಣಿಗೆ ಬೀಳುತ್ತದೆ.

ಅದೇ ದಿನಗಳಲ್ಲಿ ಹರಿದ ಬಲೆಯನ್ನು ಮರಳಿನ ಮೇಲೆ ಹರಡಿ ಕುಳಿತಿದ್ದ ದೋಣಿಯವನ ಕೈಯಲ್ಲಿ ಏನಿತ್ತು? ಹಿಡಿಯಬಹುದಾಗಿದ್ದ ಮೀನಿಗೆ ಇನ್‌ವಾಯ್ಸ್ ಇರುವುದಿಲ್ಲ.

ರಾಜ್ಯ ಸರ್ಕಾರದ ದಾವೆ ಬಂದದ್ದು ಜುಲೈನಲ್ಲಿ. ಮೊತ್ತ 9,531 ಕೋಟಿ ರೂಪಾಯಿ. ಅದರಲ್ಲಿ ಮಾಲಿನ್ಯದ ಹಾನಿಗೆ 8,626.12 ಕೋಟಿ, ಪರಿಸರವನ್ನು ಮೊದಲಿನಂತೆ ಮಾಡಲು 378.48 ಕೋಟಿ, ಮೀನುಗಾರರ ನಷ್ಟಕ್ಕೆ 526.51 ಕೋಟಿ. ಜುಲೈ 7ರಂದು ನ್ಯಾಯಮೂರ್ತಿ ಎಂ.ಎ. ಅಬ್ದುಲ್ ಹಕೀಂ ಅವರು ವಿಳಿಂಞಂನಲ್ಲಿದ್ದ ಎಂಎಸ್‌ಸಿ ಅಕಿಟೆಟಾ 2 ಹಡಗನ್ನು, ಭದ್ರತೆ ಇಡುವವರೆಗೆ ಬಂಧನದಲ್ಲಿಡಲು ಆದೇಶಿಸಿದರು. ಒಂದು ರಾಜ್ಯ ಸರ್ಕಾರ ತನ್ನ ಕಡಲಿಗಾಗಿ, ತನ್ನ ಮೀನುಗಾರರಿಗಾಗಿ ಹಡಗು ಹಿಡಿಸಿತು ಎಂಬುದು ಸಣ್ಣ ಸಂಗತಿಯಲ್ಲ. ಆ ಸಂಜೆ ಆದೇಶ ಓದಿ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಕಂಪನಿ ಎದುರು ವಾದ ಹೂಡಿತು. ಬೇಡಿಕೆ ಅತಿಯಾದದ್ದು ಎಂದಿತು. ಹಡಗು ಮುಳುಗಿದ್ದು 12 ನಾಟಿಕಲ್ ಮೈಲಿನಾಚೆ, ರಾಜ್ಯಕ್ಕೆ ಅಲ್ಲಿ ಅಧಿಕಾರವಿಲ್ಲ ಎಂಬುದೂ ಅದರ ಒಂದು ವಾದ. ನಮ್ಮ 1976ರ ಕಾಯ್ದೆಯಂತೆ 12 ನಾಟಿಕಲ್ ಮೈಲಿನವರೆಗೆ ಪ್ರಾದೇಶಿಕ ಜಲ, 24ರವರೆಗೆ ಹೊಂದಿಕೊಂಡ ವಲಯ, 200ರವರೆಗೆ ಆರ್ಥಿಕ ವಲಯ. ಹಡಗು ಆ ಮೊದಲ ಗೆರೆಯಿಂದ ಎರಡೂವರೆ ಮೈಲು ಆಚೆ ಇದೆ ಎಂಬುದು ನಿಜ. ಆದರೆ ಕಾಳು ಗೆರೆ ನೋಡಿ ನಿಲ್ಲಲಿಲ್ಲ. ಮುಳುಗಿದ ಜಾಗ ಯಾವುದೇ ಇರಲಿ, ಹಾನಿ ಬಿದ್ದದ್ದು ರಾಜ್ಯದ ಮರಳಿನ ಮೇಲೆ, ರಾಜ್ಯದ ಜನರ ಹೊಟ್ಟೆಯ ಮೇಲೆ. ಹಾನಿ ಎಲ್ಲಿ ಆಯಿತು ಎಂಬುದರ ಮೇಲೆ ಹಕ್ಕು ನಿಲ್ಲಬೇಕು ಎಂಬುದು ನನ್ನ ದೃಢ ಅಭಿಪ್ರಾಯ.

ಸೆಪ್ಟೆಂಬರ್ 25ರಂದು ಕೋರ್ಟ್ ಭದ್ರತೆಯ ಮೊತ್ತವನ್ನು 1,227.62 ಕೋಟಿಗೆ ಇಳಿಸಿತು. ಕಟ್ಟುವವರೆಗೆ ಬಂಧನ ಮುಂದುವರಿಯಲಿ ಎಂದಿತು. ಹಲವರು ಇದನ್ನು ಸೋಲು ಎಂದರು. ನಾನು ಹಾಗೆ ಹೇಳುವುದಿಲ್ಲ. ಇದು ಅಂತಿಮ ತೀರ್ಪಲ್ಲ, ದಾವೆ ಮುಗಿಯುವವರೆಗಿನ ಜಾಮೀನು. ಸಾವಿರದ ಇನ್ನೂರು ಕೋಟಿಯೂ ನಮ್ಮ ದೇಶದ ಕಡಲ ಮಾಲಿನ್ಯದ ಕೇಸಿನಲ್ಲಿ ಹಗುರವಾದ ಮೊತ್ತವಲ್ಲ. ಆದರೆ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ಅಂತರವನ್ನು ವಕೀಲರಾದವರು ದಿಟ್ಟಿಸಿ ನೋಡಬೇಕು. ಮೀನುಗಾರರ ಪಾಲು ಮೊದಲೇ ನೂರಕ್ಕೆ ಐದೂವರೆಯಷ್ಟಿತ್ತು. ದಾವೆ ಸಾಕ್ಷ್ಯದ ಹಂತಕ್ಕೆ ಬಂದಾಗ ಎದುರು ವಕೀಲರು ಕೇಳುವ ಮೊದಲ ಪ್ರಶ್ನೆ ನನಗೆ ಈಗಲೇ ಕೇಳಿಸುತ್ತದೆ: ಮಳೆಗಾಲದಲ್ಲಿ ದೋಣಿ ಹೇಗೂ ಎಷ್ಟೋ ದಿನ ಕಡಲಿಗೆ ಇಳಿಯುವುದಿಲ್ಲ, ಹಡಗಿನಿಂದ ನಿಂತದ್ದು ಯಾವ ದಿನ, ಗಾಳಿಯಿಂದ ನಿಂತದ್ದು ಯಾವ ದಿನ? ಇದಕ್ಕೆ ಉತ್ತರ ಸರ್ಕಾರದ ಕಚೇರಿಯಲ್ಲಿಲ್ಲ. ದೋಣಿಯವನ ನೆನಪಿನಲ್ಲಿದೆ. ನೆನಪನ್ನು ಕೋರ್ಟು ತೂಕಕ್ಕೆ ಹಾಕುವಾಗ ಅದು ಬೇಗ ಹಗುರವಾಗುತ್ತದೆ.

ಮೀನುಗಾರರೇ ನೇರವಾಗಿ ಅಡ್ಮಿರಾಲ್ಟಿ ದಾವೆ ಹಾಕಬಹುದಲ್ಲ ಎಂದು ಕೇಳಬಹುದು. ಕಾಯ್ದೆ ತಡೆಯುವುದಿಲ್ಲ. ಆದರೆ ಹಡಗು ಬಂಧಿಸುವವರಿಂದ ಕೋರ್ಟ್ ಮುಚ್ಚಳಿಕೆ ಕೇಳಬಹುದು: ಬಂಧನ ತಪ್ಪೆಂದು ಆಮೇಲೆ ತೋರಿದರೆ ಹಡಗಿನವರ ನಷ್ಟ ತುಂಬಿಕೊಡುತ್ತೇನೆ ಎಂದು. ಒಂದು ದೊಡ್ಡ ಕಂಟೇನರ್ ಹಡಗು ನಾಲ್ಕು ದಿನ ನಿಂತ ನಷ್ಟವನ್ನು ಯಾವ ಮೀನುಗಾರರ ಸಹಕಾರ ಸಂಘ ಹೊತ್ತೀತು? ಕೋರ್ಟ್ ಶುಲ್ಕ ಬೇರೆ. ಆದ್ದರಿಂದ ಅವರು ಸರ್ಕಾರದ ದಾವೆಯ ಒಂದು ಸಾಲಾಗಿ ಒಳಗೆ ಬರುತ್ತಾರೆ, ತಮ್ಮ ಹೆಸರಿನಲ್ಲಿ ಬರುವುದಿಲ್ಲ.

ನಮ್ಮ ಕಡಲು

ಕೇರಳದ ಕಥೆ ಎಂದು ನಾವು ಬದಿಗಿಡುವ ಹಾಗಿಲ್ಲ. ಎಲ್ಸಾ ಮುಳುಗಿ ಹದಿನೈದು ದಿನಕ್ಕೆ, ಜೂನ್ 9ರಂದು, ಕಣ್ಣೂರಿನ ಅಳಿಕ್ಕಲ್ ಎದುರು ವಾನ್ ಹೈ 503 ಎಂಬ ಹಡಗು ಹತ್ತಿ ಉರಿಯಿತು. 22 ಮಂದಿಯಲ್ಲಿ ನಾಲ್ವರು ಕಾಣೆಯಾದರು. ಬದುಕಿದ 18 ಮಂದಿಯನ್ನು ಐಎನ್‌ಎಸ್ ಸೂರತ್ ಅಂದು ರಾತ್ರಿ ಕರೆತಂದದ್ದು ನಮ್ಮ ಪಣಂಬೂರಿಗೆ. ಸುಟ್ಟ ಗಾಯಕ್ಕೆ ಮದ್ದು ಹಚ್ಚಿದ್ದು ಮಂಗಳೂರಿನ ಆಸ್ಪತ್ರೆ. ಅದಕ್ಕೂ ಮೂರು ವರ್ಷ ಮೊದಲು, 2022ರ ಜೂನ್ 21ರಂದು, ಉಳ್ಳಾಲದ ಬಟ್ಟಪಾಡಿ ಎದುರು ಪ್ರಿನ್ಸೆಸ್ ಮಿರಾಲ್ ನಿಂತುಹೋಗಿ ಮುಳುಗಿತ್ತು. ಉಕ್ಕಿನ ಸುರುಳಿ ಹೇರಿಕೊಂಡು ಲೆಬನಾನಿಗೆ ಹೊರಟಿದ್ದ ಹಡಗು. ಅದರಲ್ಲಿದ್ದ 15 ಸಿರಿಯನ್ ನಾವಿಕರನ್ನು ಕೋಸ್ಟ್ ಗಾರ್ಡ್ ಉಳಿಸಿತು. ಮಳೆಗಾಲದ ಆ ತಿಂಗಳಿಡೀ ಎಣ್ಣೆ ಸೋರೀತೋ ಎಂದು ಉಳ್ಳಾಲ, ಸೋಮೇಶ್ವರದ ಜನ ಕಡಲನ್ನೇ ನೋಡುತ್ತ ಕುಳಿತಿದ್ದರು.

ನನ್ನದೇ ಒಂದು ಸೋಲನ್ನು ಇಲ್ಲಿ ಹೇಳಬೇಕು. ಬಹಳ ಹಿಂದೆ ಇಲ್ಲಿಯ ಒಂದು ನಾಡದೋಣಿ ತಂಡದ ಬಲೆಯನ್ನು ದೊಡ್ಡ ಹಡಗೊಂದು ಎಳೆದುಕೊಂಡು ಹೋಯಿತು. ಯಾವ ಹಡಗು ಎಂಬುದು ಗೊತ್ತಿತ್ತು, ಅದರ ಹೆಸರು ಇಲ್ಲಿ ಬೇಡ. ನಾನು ನೋಟಿಸ್ ಬರೆದೆ. ಎದುರು ಕಡೆಯಿಂದ ನಾಲ್ಕೇ ಪ್ರಶ್ನೆ ಬಂತು: ಬಲೆ ಕೊಂಡ ರಸೀದಿ ಎಲ್ಲಿ, ಅಂದು ದೋಣಿ ಇದ್ದ ಜಾಗದ ಗುರುತು ಏನು, ದಿನದ ಸರಾಸರಿ ಆದಾಯ ಎಷ್ಟು, ಎಷ್ಟು ದಿನ ಕೆಲಸ ನಿಂತಿತು. ಬಲೆಯನ್ನು ಹತ್ತು ಮಂದಿ ಸೇರಿ ತುಂಡು ತುಂಡಾಗಿ ಹೆಣೆಸಿದ್ದರು, ರಸೀದಿ ಇಲ್ಲ. ಜಾಗವನ್ನು ದೋಣಿಯ ಮುಂದಾಳು ತಾಂಡೇಲ ಬೆಟ್ಟದ ಗುರುತಿನಲ್ಲಿ ಹೇಳಿದ, ಇಷ್ಟು ಮಾರು ಆಳ ಎಂದ. ಆದಾಯ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳಿದರು, ಯಾರೂ ಸುಳ್ಳು ಹೇಳಲಿಲ್ಲ. ಹಡಗು ಹೊರಟುಹೋಯಿತು. ನನ್ನ ಮೇಜಿನ ಮೇಲೆ ನೋಟಿಸಿನ ನಕಲು ಉಳಿಯಿತು. ಅವರು ನನ್ನನ್ನು ಬೈಯಲಿಲ್ಲ, ಫೀಸು ಎಷ್ಟು ಎಂದು ಕೇಳಿದರು. ಅದು ಇವತ್ತಿಗೂ ನೋಯುತ್ತದೆ.

ಆಲಪ್ಪುಳದಿಂದ ಬಂದ ಮೇಲೆ ನಾನು ಎರಡು ಮೂರು ಕಡೆ ಮೀನುಗಾರರ ಸಭೆಗೆ ಹೋದೆ. ಭಾಷಣ ಮಾಡಲಿಲ್ಲ, 200 ಪುಟದ ನೋಟ್ ಪುಸ್ತಕ ತೆಗೆದುಕೊಂಡು ಹೋಗಿದ್ದೆ. ಬರೆಯಬೇಕಾದದ್ದು ಇಷ್ಟೇ: ತಾರೀಕು, ಇಳಿದ ಹೊತ್ತು, ಬಂದ ಹೊತ್ತು, ಎಷ್ಟು ಮಾರು ನೀರು, ಫೋನಿನಲ್ಲಿ ಸಿಗುವ ಜಾಗದ ಅಂಕಿ, ಸೀಮೆಎಣ್ಣೆ ಎಷ್ಟು ಲೀಟರ್, ಯಾವ ಮೀನು ಎಷ್ಟು, ಹೋದ ದರ. ದೊಡ್ಡ ಬೋಟಿನವರಿಗೆ ಸಬ್ಸಿಡಿ ಡೀಸೆಲಿನ ಪಾಸ್‌ಪುಸ್ತಕವೇ ಒಳ್ಳೆಯ ಸಾಕ್ಷಿ, ಹರಾಜಿನ ಚೀಟಿಯನ್ನು ಎಸೆಯದೆ ಇಟ್ಟರೆ ಸಾಕು. ನಾಡದೋಣಿಯವರಿಗೆ ಇದೊಂದೇ ದಾರಿ.

ಉಳ್ಳಾಲದ ಹಿರಿಯರೊಬ್ಬರು ಪುಸ್ತಕ ಮುಟ್ಟದೆ ನನ್ನ ಮುಖ ನೋಡಿದರು. “ಬರೆದಿಟ್ಟು ಎಂತ ಮಾಡುದು ಲಾಯರ್ರೇ? ಕಡಲು ಎಂತ ಲೆಕ್ಕ ಇಡ್ತದಾ?”

“ಕಡಲು ಇಡುವುದಿಲ್ಲ ಅಣ್ಣ, ಕೋರ್ಟ್ ಕೇಳ್ತದೆ” ಎಂದೆ. “ಹೋಗದ ದಿನವನ್ನೂ ಬರೆಯಿರಿ. ಯಾಕೆ ಹೋಗಲಿಲ್ಲ ಅಂತ ಕಾರಣವೂ ಬೇಕು.”

“ಹೋಗದ ದಿನ ಬರೀಲಿಕ್ಕೆ ಎಂತ ಉಂಟು?”

ಆ ದಿನವೇ ಮುಖ್ಯ ಎಂದು ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. ಗಾಳಿಗೆ ನಿಂತ ದಿನ ಪ್ರಾಮಾಣಿಕವಾಗಿ ಗಾಳಿಯೆಂದು ಬರೆದಿದ್ದರೆ ಮಾತ್ರ, ಎಣ್ಣೆಗೆ ನಿಂತ ದಿನವನ್ನು ಕೋರ್ಟು ನಂಬುತ್ತದೆ. ಕೊನೆಗೆ ಅವರು ಪುಸ್ತಕ ತೆಗೆದುಕೊಂಡರು, ಮನಸ್ಸಿಲ್ಲದೆಯೇ.

ಎರಡು ತಿಂಗಳ ಮೇಲೆ ಹೋದಾಗ ಪುಸ್ತಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ದೇವರ ಮಂಟಪದ ಪಕ್ಕದಲ್ಲಿತ್ತು. ಮುಂಬದಿಯಿಂದ ಅವರ ಮಗಳ ಅಕ್ಷರ, ಅಪ್ಪ ಹೇಳಿದಂತೆ ಬರೆದದ್ದು: ಕಡಲು ಜೋರು, ಹೋಗಿಲ್ಲ. ಕಡಲು ಜೋರು, ಹೋಗಿಲ್ಲ. ಬೂತಾಯಿ, ಮೂರು ಬುಟ್ಟಿ. ಎಂಜಿನ್ ಕೆಟ್ಟಿದೆ. ಹಿಂಬದಿಯಿಂದ ತಿರುಗಿಸಿದರೆ ಬೇರೆಯೇ ಒಂದು ಲೆಕ್ಕ ಶುರುವಾಗಿತ್ತು. ಅವರ ಹೆಂಡತಿ ಮೀನು ಮಾರುವವರು. ನಾನು ಹೇಳದೆಯೇ ಪ್ರತಿದಿನ ಬೂತಾಯಿ, ಬಂಗುಡೆಯ ದರವನ್ನೂ, ಸಂಜೆ ಬುಟ್ಟಿಯಲ್ಲಿ ಎಷ್ಟು ಉಳಿಯಿತು ಎಂಬುದನ್ನೂ ಬರೆಸಿದ್ದರು. ವಿಷದ ಸುದ್ದಿ ಹರಡಿದಾಗ ಆಲಪ್ಪುಳದ ಮಾರುಕಟ್ಟೆಯಲ್ಲಿ ಯಾರೂ ಬರೆದಿಡದೆ ಹೋದ ಅಂಕಿ ಅದೇ. ನಾನು ಒಂದೊಂದೇ ಪುಟದ ಫೋಟೊ ತೆಗೆದುಕೊಂಡೆ. ತೆಗೆದು ಮುಗಿದ ಮೇಲೆ ಅವರು ಪುಸ್ತಕವನ್ನು ಮತ್ತೆ ತೊಟ್ಟೆಗೆ ಹಾಕಿ, ಗಾಳಿ ಹೋಗದ ಹಾಗೆ ಬಾಯಿ ಸುತ್ತಿ, ಇದ್ದ ಜಾಗದಲ್ಲೇ ಇಟ್ಟರು.